ಅಂಬಾಸಿಡರ್ ಇಂಜಿನ್ ಬಿಚ್ಚಿದ್ದು: ಎಲ್ಲಿಗೆ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ

ಈ ಸಲ ಬೆಳೆ ವಿಷ್ಯ ಅಲ್ಲ, ಇಂಜಿನ್ ವಿಷ್ಯ. ಡೇರಿ ಹತ್ರ ಹಾಲು ಹಾಕೋಕೆ ಹೋದಾಗ ದಿನಾ ಒಬ್ರಲ್ಲ ಒಬ್ರು ಕೇಳ್ತಾರೆ, "ಕಾರಿನ ಇಂಜಿನ್ ಬಿಚ್ಚಿಸಿದ್ರಂತೆ, ಎಷ್ಟಾಯ್ತು? ಫುಲ್ ಮಾಡ್ಸಿದ್ರಾ?" ಅಂತ. ಒಬ್ಬೊಬ್ರಿಗೆ ಹೇಳೋ ಬದಲು ಎಲ್ಲಾ ಸೇರಿಸಿ ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ. ಹಳೇ ಜೀಪು, ಹಳೇ ಟ್ರಾಕ್ಟರ್, ಮೂಲೇಲಿ ನಿಂತಿರೋ ಡೀಸೆಲ್ ಪಂಪ್‌ಸೆಟ್ ಇರೋರಿಗೂ ಇದು ಉಪಯೋಗಕ್ಕೆ ಬರಬಹುದು.

ಕಾರು 1977ರ ಅಂಬಾಸಿಡರ್, ಮಾರ್ಕ್ 3. ಅಪ್ಪ 1984ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆಗ ನಮ್ಮ ಕಡೆ ಟೆಂಪೋ ಸಿಗೋದೇ ಕಷ್ಟ. ಬೆಳಗಿನ ಜಾವ ಡಿಕ್ಕಿ ತುಂಬ ಅವರೆಕಾಯಿ ಮೂಟೆ, ಹಿಂದಿನ ಸೀಟು ತೆಗೆದು ಅಲ್ಲೂ ಎರಡು ಮೂಟೆ ಹಾಕ್ಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಹೋಗ್ತಿದ್ರು. ಅಪ್ಪ 2011ರಲ್ಲಿ ತೀರ್ಕೊಂಡ್ರು. ಈಗ ಕಾರು ವರ್ಷಕ್ಕೆ ಹೆಚ್ಚಂದ್ರೆ 1,200 ಕಿಲೋಮೀಟರ್ ಓಡುತ್ತೆ. ಅಮ್ಮನ್ನ ವರ್ಷಕ್ಕೆರಡು ಸಲ ಶಿವಗಂಗೆಗೆ ಕರ್ಕೊಂಡು ಹೋಗೋದು, ನೆಂಟರ ಮದುವೆ, ಆಯುಧಪೂಜೆ ದಿನ ಒಂದು ಸುತ್ತು, ಅಷ್ಟೆ. ಅಮ್ಮನಿಗೆ ಮಂಡಿ ನೋವು. ಹೊಸ ಕಾರುಗಳಲ್ಲಿ ಬಗ್ಗಿ ಕೂರೋಕಾಗಲ್ಲ. ಅಂಬಾಸಿಡರ್ ಬಾಗಿಲು ಅಗಲ, ಸೀಟು ಎತ್ತರ, ಸಲೀಸಾಗಿ ಕೂತ್ಕೊಳ್ತಾರೆ.

ಈ ವರ್ಷ ಅದು ಬಸವಳಿದಿತ್ತು. ದಾಬಸ್‌ಪೇಟೆ ಫ್ಲೈಓವರ್ ಹತ್ತೋವಾಗ ಮೂರನೇ ಗೇರಿಗೆ ಬರ್ಲೇಬೇಕು, ನಿಂತಾಗ ಇಡೀ ಗಾಡಿ ನಡುಗೋದು, ಸೈಲೆನ್ಸರಿಂದ ಪಟ್ ಪಟ್ ಅನ್ನೋ ಸದ್ದು, ಸ್ವಲ್ಪ ನೀಲಿ ಹೊಗೆ. ಏನಾದ್ರೂ ಮಾಡ್ಲೇಬೇಕಿತ್ತು. ಎಷ್ಟು ಮಾಡ್ಬೇಕು ಅನ್ನೋದೇ ಪ್ರಶ್ನೆ.

ಮನೇಲಿ ನಾಲ್ಕು ಮಾತು

ನನ್ನ ತಮ್ಮ ಅಂದ, "ಅಣ್ಣ, ಮಾಡಿದ್ರೆ ಪೂರ್ತಿ ಮಾಡ್ಸು, ಅರ್ಧ ನಾನು ಹಾಕ್ತೀನಿ. ಇಲ್ಲ ಅಂದ್ರೆ ಮಾರ್ಬಿಡು. ವೈಟ್‌ಫೀಲ್ಡ್ ಕಡೆಯೋರು ಒಬ್ರು ಹಳೇ ಕಾರು ಹುಡುಕ್ತಿದಾರೆ, ಒಳ್ಳೇ ರೇಟು ಕೊಡ್ತಾರೆ." ಮಗ ಸಾಫ್ಟ್‌ವೇರಲ್ಲಿದಾನೆ. ಅವನು ಫೋನಲ್ಲಿ ಹೇಳಿದ, "ಅಪ್ಪಾ, ಶೋ ಕಂಡೀಷನ್ ಮಾಡ್ಸೋಣ, ಬಿಲ್ಲು ನನಗೆ ಬಿಡಿ." ಅವನಿಗೆ ಫ್ಲ್ಯಾಟ್ ಸಾಲದ ಕಂತು ಎಷ್ಟು ಬರುತ್ತೆ ಅಂತ ನನಗೆ ಗೊತ್ತು. ವರ್ಕ್‌ಶಾಪ್ ಒಂದರಲ್ಲಿ ಕೇಳಿದ್ದಕ್ಕೆ, ಬಾನೆಟ್ ಎತ್ತೋಕೆ ಮುಂಚೆನೇ "92 ಸಾವಿರ ಆಗುತ್ತೆ ಯಜಮಾನ್ರೇ, ಝೀರೋ ಇಂಜಿನ್ ಮಾಡಿ ಕೊಡ್ತೀವಿ" ಅಂದ್ರು. ಅಮ್ಮ ಮಾತ್ರ, "ನನ್ನ ಸಲುವಾಗಿ ದುಡ್ಡು ಸುರೀಬೇಡ ಕಣಪ್ಪ, ಬಸ್ಸಿದೆಯಲ್ಲ" ಅಂದ್ರು.

ನನ್ನ ಹತ್ರ ಇದ್ದ ದುಡ್ಡು ಬೀನ್ಸ್ ತೋಟದ ಡ್ರಿಪ್ ಪೈಪಿಗೆ ಅಂತ ಇಟ್ಟಿದ್ದು. ಹಳೇ ಲ್ಯಾಟರಲ್ಲೆಲ್ಲ ಇಲಿ ಕಡಿದು ತೂತು. ಬೇಸಿಗೆ ಹೊತ್ತಿಗೆ ಬದಲಾಯಿಸ್ದೆ ಇದ್ರೆ ಇರೋ ಒಂದು ಬೋರಿನ ನೀರು ಸಾಲಲ್ಲ. ಕಾರಿಗೆ 92 ಸಾವಿರ ಹೋದ್ರೆ ಡ್ರಿಪ್ ಇಲ್ಲ.

ಟ್ರಾಕ್ಟರಿನ ಲೆಕ್ಕ ಕಾರಿಗೆ ಹೊಂದಲ್ಲ

ನಮ್ಮ ಮಾಸ್ಸಿ 1035 ಟ್ರಾಕ್ಟರಿಗೆ 2019ರಲ್ಲಿ ಫುಲ್ ಇಂಜಿನ್ ಕೆಲಸ ಮಾಡ್ಸಿದ್ದೆ. ಅವತ್ತು ಒಂದು ನಿಮಿಷಾನೂ ಯೋಚನೆ ಮಾಡ್ಲಿಲ್ಲ. ಯಾಕಂದ್ರೆ ಅದು ದುಡಿಯೋ ಗಾಡಿ. ರೋಟವೇಟರ್ ಹಾಕಿದ್ರೆ ಗಂಟೆಗಟ್ಲೆ ಫುಲ್ ಲೋಡಲ್ಲಿ ಕೂಗ್ತಾನೇ ಇರುತ್ತೆ. ಬಾಡಿಗೆಗೆ ಹೋದ ಕಡೆ ಮಧ್ಯದಲ್ಲಿ ನಿಂತ್ರೆ ಮರ್ಯಾದೆನೂ ಹೋಯ್ತು, ಗಿರಾಕಿನೂ ಹೋದ. ಇನ್ನೊಂದು ವಿಷ್ಯ, ಅದರ ಸಿಂಪ್ಸನ್ ಇಂಜಿನ್ನಿಗೆ ಲೈನರ್ ಇದೆ. ಸವೆದ್ರೆ ಹಳೇ ಲೈನರ್ ಕಿತ್ತು ಹೊಸ ಲೈನರ್, ಪಿಸ್ಟನ್, ರಿಂಗು ಒಂದೇ ಕಿಟ್ಟಲ್ಲಿ ಹಾಕ್ಬಹುದು. ಬ್ಲಾಕ್ ಹಾಗೇ ಉಳಿಯುತ್ತೆ.

ಅಂಬಾಸಿಡರ್ ಪೆಟ್ರೋಲ್ ಇಂಜಿನ್ ಹಾಗಲ್ಲ. ಅದು 1489 ಸಿಸಿ, ಇಂಗ್ಲೆಂಡಿನ ಬಿಎಂಸಿ ಕಂಪನಿಯ 'ಬಿ ಸೀರೀಸ್' ಇಂಜಿನ್. 1950ರ ದಶಕದಲ್ಲಿ ಅಲ್ಲಿನ ಎಂಜಿಎ ಅನ್ನೋ ಸ್ಪೋರ್ಟ್ಸ್ ಕಾರಿಗೂ ಇದೇ ಅಳತೆಯ ಇಂಜಿನ್ ಇತ್ತು. ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸಿನವರು ಕೋಲ್ಕತ್ತ ಹತ್ರದ ಉತ್ತರಪಾರಾದಲ್ಲಿ ಅಂಬಾಸಿಡರ್ ಮಾಡ್ತಿದ್ರು, 2014ರಲ್ಲಿ ನಿಲ್ಲಿಸಿದ್ರು. ಈ ಇಂಜಿನ್ನಿನ ಬ್ಲಾಕಿಗೆ ಲೈನರ್ ಇಲ್ಲ. ಪಿಸ್ಟನ್ ಓಡಾಡೋದು ಬ್ಲಾಕಿನ ಎರಕದ ಕಬ್ಬಿಣದ ಮೇಲೇ. ಸವೆದ್ರೆ ಆ ಕಬ್ಬಿಣಾನೇ ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಹಾಕ್ಬೇಕು. ಇದಕ್ಕೂ ಬೋರ್ ಹೊಡೆಸೋದು ಅಂತಾನೇ ಹೇಳೋದು.

ಬೋರ್ ಹೊಡೆಸೋದು ಅಂದ್ಮೇಲೆ ನಮ್ಮೋರಿಗೆ ಜಾಸ್ತಿ ಹೇಳ್ಬೇಕಾಗಿಲ್ಲ. "ಇನ್ನೊಂದು ನೂರಡಿ ಹೋಗ್ಲಿ, ಹೇಗೂ ಗಾಡಿ ಬಂದು ನಿಂತಿದೆ" ಅಂತ ಏಜೆಂಟ್ ಹೇಳೋದು, ನಾವು ಹೂಂ ಅನ್ನೋದು, ಸಾವಿರ ಅಡಿ ದಾಟೋದು ಎಲ್ಲಾ ನೋಡಿದೀವಲ್ಲ. ವರ್ಕ್‌ಶಾಪಲ್ಲೂ ಅದೇ ಮಾತು: "ಹೇಗೂ ಬಿಚ್ಚಿದೀವಿ, ಮುಗಿಸ್ಬಿಡೋಣ."

ಬಿಚ್ಚೋಕೆ ಮುಂಚೆ ಪರೀಕ್ಷೆ

ನಮ್ಮ ಹಳೇ ಮೇಸ್ತ್ರಿ ಒಬ್ರು ಇದಾರೆ, ಅಪ್ಪನ ಕಾಲದಿಂದ ಈ ಕಾರು ನೋಡಿದೋರು. ಅವರು ಮೊದಲು ಮಾಡಿದ್ದು ಕಂಪ್ರೆಷನ್ ಟೆಸ್ಟು. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಪ್ಲಗ್ ತೂತಿಗೆ ಗೇಜ್ ಒತ್ತಿ, ಆಕ್ಸಿಲರೇಟರ್ ಪೂರ್ತಿ ಒತ್ಕೊಂಡು ಸೆಲ್ಫ್ ಹೊಡೆಯೋದು. ಬಂದ ಲೆಕ್ಕ ಹೀಗಿತ್ತು: 1ನೇ ಸಿಲಿಂಡರ್ 118, 2ನೇದು 112, 3ನೇದು 70, 4ನೇದು 120.

ಆಮೇಲೆ ಒಂದೊಂದು ಸಿಲಿಂಡರಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಇನ್ನೊಂದು ಸಲ ನೋಡಿದ್ರು. ಇದರ ಗುಟ್ಟು ಇಷ್ಟೆ. ರಿಂಗಿನ ಸಂದಿಯಿಂದ ಗಾಳಿ ಸೋರ್ತಿದ್ರೆ ಆಯಿಲ್ ಹೋಗಿ ಆ ಸಂದಿ ಮುಚ್ಚುತ್ತೆ, ಗೇಜ್ ಮೇಲೇರುತ್ತೆ. ವಾಲ್ವಿಂದ ಸೋರ್ತಿದ್ರೆ ಆಯಿಲ್ ಬಿಟ್ರೂ ಪ್ರಯೋಜನ ಇಲ್ಲ. 1, 2, 4ರಲ್ಲಿ ಹನ್ನೆರಡು ಹದಿನಾಲ್ಕು ಪಾಯಿಂಟ್ ಏರಿತು. 3ನೇದು 70 ಇದ್ದಿದ್ದು 76ಕ್ಕೆ ನಿಂತಿತು.

ಅಂದ್ರೆ ರಿಂಗುಗಳು ಸ್ವಲ್ಪ ಸೋತಿವೆ, ಆದ್ರೆ ನಡುಕಕ್ಕೆ ಕಾರಣ 3ನೇ ಸಿಲಿಂಡರಿನ ವಾಲ್ವ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡ್ಬೇಕಿತ್ತು. ಈ ಪರೀಕ್ಷೆಗೆ ಅರ್ಧ ಗಂಟೆ ಹಿಡೀತು. 92 ಸಾವಿರ ಹೇಳಿದೋರು ಇದನ್ನ ಮಾಡಿರ್ಲಿಲ್ಲ.

ಕೆಲಸದ ನಾಲ್ಕು ಮೆಟ್ಟಿಲು

ಮೇಸ್ತ್ರಿ ಜೊತೆ ಕೂತು ಒಂದು ಹಾಳೇಲಿ ಬರ್ಕೊಂಡೆ.

1. ಹೆಡ್ಡು ಮಾತ್ರ: ವಾಲ್ವ್, ಗೈಡ್, ಸೀಟು ಸರಿ ಮಾಡಿ, ಮಸಿ ತೆಗೆದು, ಗ್ಯಾಸ್ಕೆಟ್ ಹಾಕಿ ಮುಚ್ಚೋದು.
2. ಹೆಡ್ಡಿನ ಜೊತೆ ಚೇಂಬರ್ ಬಿಚ್ಚಿ, ಪಿಸ್ಟನ್ ಎಳೆದು, ಹೊಸ ರಿಂಗು, ಹೊಸ ಬೇರಿಂಗು. ಬೋರ್, ಕ್ರ್ಯಾಂಕ್ ಮುಟ್ಟೋದಿಲ್ಲ.
3. ಫುಲ್: ಇಂಜಿನ್ ಕೆಳಗಿಳಿಸಿ, ಬೋರ್ ಹೊಡೆಸಿ, ದೊಡ್ಡ ಪಿಸ್ಟನ್ ಹಾಕಿ, ಕ್ರ್ಯಾಂಕ್ ಗ್ರೈಂಡ್ ಮಾಡ್ಸಿ, ಕ್ಯಾಮ್, ಟ್ಯಾಪೆಟ್, ಆಯಿಲ್ ಪಂಪ್ ಎಲ್ಲಾ ಹೊಸದು.
4. ಬೇರೆ ಇಂಜಿನ್ನೇ ಕೂರಿಸೋದು: ಆಮೇಲಿನ ಅಂಬಾಸಿಡರಿಗೆ ಬಂದ ಇಸುಝು 1800 ಪೆಟ್ರೋಲ್ ಅಥವಾ ಡೀಸೆಲ್.

ಅದೇ ಹಾಳೆ ಕೆಳಗೆ ಇನ್ನೊಂದು ಸಾಲು ಬರೆದು ಸಹಿ ಹಾಕಿದೆ: "35 ಸಾವಿರ ದಾಟಂಗಿಲ್ಲ. ಬೋರ್ ಸವೆತ 8 ಥೌ ದಾಟಿದ್ರೆ ಮಾತ್ರ ಮೂರನೇ ಮೆಟ್ಟಿಲು. ಅಂಥಾ ಸಂದರ್ಭ ಬಂದ್ರೆ ಈಗ ಮಾಡ್ಸಲ್ಲ, ಮುಚ್ಚಿಟ್ಟು ರಾಗಿ ದುಡ್ಡು ಬಂದ್ಮೇಲೆ." ಇಂಜಿನ್ ಬಿಚ್ಚಿ ಟೇಬಲ್ ಮೇಲೆ ಹರವಿದ್ಮೇಲೆ ಯಾರಿಗೂ ಬೇಡ ಅನ್ನೋ ಬಾಯಿ ಬರಲ್ಲ. ಅದಕ್ಕೇ ಮುಚ್ಚಿರುವಾಗಲೇ ಬರೆದಿದ್ದು.

ಥೌ ಅಂದ್ರೆ ಒಂದು ಇಂಚಿನ ಸಾವಿರದ ಒಂದು ಭಾಗ. ನಮ್ಮ ತಲೆಕೂದಲು ಎರಡು ಮೂರು ಥೌ ದಪ್ಪ ಇರುತ್ತೆ. ಇಂಜಿನ್ನಿನ ಆಯಸ್ಸು ಲೆಕ್ಕ ಹಾಕೋದು ಈ ಕೂದಲೆಳೆ ಲೆಕ್ಕದಲ್ಲೇ.

ಬಿಚ್ಚಿದಾಗ ಕಂಡಿದ್ದು

ಹೆಡ್ಡು ಎತ್ತಿದ ತಕ್ಷಣ 3ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸುಟ್ಟು ಅಂಚಿನಲ್ಲಿ ಒಂದು ಚೂರು ಹಾರಿದ್ದು ಕಾಣ್ತು. ಈ ಇಂಜಿನ್ನಲ್ಲಿ 2 ಮತ್ತು 3ನೇ ಸಿಲಿಂಡರಿನ ಹೊಗೆ ಒಂದೇ ದಾರೀಲಿ ಆಚೆ ಹೋಗುತ್ತೆ, ನಡುವೆ ಬಿಸಿ ಜಾಸ್ತಿ.

ಪಿಸ್ಟನ್ ತಲೆ ಮೇಲಿನ ಮಸಿ ಕೆರೆದಾಗ ಇನ್ನೊಂದು ಸುದ್ದಿ. ನಾಲ್ಕರ ಮೇಲೂ "020" ಅಂತ ಕೆತ್ತಿದೆ. ಅಪ್ಪ 1996ರಲ್ಲಿ ಇಂಜಿನ್ ಕೆಲಸ ಮಾಡ್ಸಿದ್ದು ನನಗೆ ನೆನಪಿತ್ತು. ಎಷ್ಟು ಸೈಜಿಗೆ ಅಂತ ಇವತ್ತು ಗೊತ್ತಾಯ್ತು. 20 ಥೌ ಆಗ್ಲೇ ಕೊರೆದಾಗಿದೆ. ಈ ಬ್ಲಾಕಿಗೆ ಮುಂದೆ ಸಿಗೋ ಸೈಜು 30, ಆಮೇಲೆ 40. ಅಲ್ಲಿಂದ ಮುಂದೆ ಬ್ಲಾಕ್ ಕೊರೆದು ಸ್ಲೀವ್ ಒತ್ತಿಸ್ಬೇಕು. ಅಂದ್ರೆ ಅಪ್ಪ ಒಂದು ಪಾಲು ಖರ್ಚು ಮಾಡಿದಾರೆ, ನಮಗೆ ಇನ್ನೆರಡು ಮೆಟ್ಟಿಲು ಉಳಿದಿದೆ.

ಬ್ಲಾಕ್ ಅಳೆಯೋಕೆ ಪೀಣ್ಯದಿಂದ ಮೆಷಿನ್ ಶಾಪಿನವರನ್ನೇ ಕರೆಸಿದ್ವಿ. ಪೀಣ್ಯ ನಮಗೆ ಹತ್ರ. ಅಲ್ಲಿ ಲೇತು, ಬೋರಿಂಗು, ಗ್ರೈಂಡಿಂಗು ಮಾಡೋ ಸಣ್ಣ ಸಣ್ಣ ಶೆಡ್‌ಗಳಲ್ಲಿ ನಮ್ಮ ಹಳ್ಳಿ ಹುಡುಗರೇ ಎಷ್ಟೋ ಜನ ಇದಾರೆ. ಬೋರ್ ಗೇಜ್ ಬಿಟ್ಟು ಪ್ರತಿ ಸಿಲಿಂಡರಲ್ಲಿ ಮೇಲೆ, ಮಧ್ಯ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದ್ರು. ಸವೆತ ಯಾವಾಗ್ಲೂ ಮೇಲ್ಗಡೆ, ಮೇಲಿನ ರಿಂಗು ತಿರುಗಿ ಬರೋ ಜಾಗದಲ್ಲಿ ಜಾಸ್ತಿ. 1ನೇದು 3 ಥೌ, 2ನೇದು 4, 3ನೇದು ನಾಲ್ಕೂವರೆ, 4ನೇದು 3.

ಅವರ ಲೆಕ್ಕದಲ್ಲಿ 5 ಥೌ ಒಳಗಿದ್ರೆ ರಿಂಗಲ್ಲಿ ನಡೆಯುತ್ತೆ, 8 ದಾಟಿದ್ರೆ ಬೋರ್ ಹೊಡೆಸ್ಲೇಬೇಕು, ನಡುವೆ ಇದ್ರೆ ಮಾಲೀಕನ ಇಷ್ಟ. ನಮ್ಮದು 5ರ ಒಳಗೆ.

ಕ್ರ್ಯಾಂಕಿಗೆ ಮೈಕ್ರೋಮೀಟರ್ ಹಿಡಿದ್ರು. ಒಂದು ಥೌ ಒಳಗೇ ಸವೆತ, ಗೀರಿಲ್ಲ, ಉಗುರಲ್ಲಿ ಕೆರೆದ್ರೂ ಎಲ್ಲೂ ಸಿಗಾಕ್ಕೊಳ್ಳಲ್ಲ. ಇನ್ನೂ ಕಂಪನಿ ಸೈಜಲ್ಲೇ ಇದೆ, ಒಂದು ಸಲಾನೂ ಗ್ರೈಂಡ್ ಆಗಿಲ್ಲ. ಬಿಚ್ಚೋಕೆ ಮುಂಚೆ ಆಯಿಲ್ ಪ್ರೆಶರ್ ನೋಡಿದಾಗ್ಲೂ ಬಿಸಿ ಇಂಜಿನ್ನಲ್ಲಿ ಓಡುವಾಗ 45, ಐಡ್ಲಿಂಗಲ್ಲಿ 18 ತೋರಿಸ್ತಿತ್ತು.

"ನಲವತ್ತಕ್ಕೆ ಹೊಡೆಸ್ಬಿಡಿ"

ಇಷ್ಟೆಲ್ಲಾ ಅಳೆದ್ಮೇಲೂ ಶಾಪಿನವರು ಹೇಳಿದ್ದು, "ಯಜಮಾನ್ರೇ, ಹೇಗೂ ಬಿಚ್ಚಿದೀರ. ಬೋರ್ ಹೊಡೆಸ್ಬಿಡಿ, ಹೊಸ ಇಂಜಿನ್ ಥರ ಆಗುತ್ತೆ." ಎಷ್ಟಕ್ಕೆ ಅಂತ ಕೇಳಿದೆ. "ನಲವತ್ತಕ್ಕೆ." ಮೂವತ್ತಕ್ಕೆ ಯಾಕಲ್ಲ ಅಂದೆ. "ಮೂವತ್ತರ ಪಿಸ್ಟನ್ ಸೆಟ್ ಈಗ ಜೆ.ಸಿ. ರೋಡಲ್ಲಿ ಇಲ್ಲ, ನಲವತ್ತರದ್ದು ಇದೆ."

ಅವರದ್ದೇನೂ ಮೋಸದ ಮಾತಲ್ಲ. ದಿನಾ ಟ್ಯಾಕ್ಸಿ, ಟೆಂಪೋ ಕೆಲಸ ಮಾಡೋರು. ಅಂಥಾ ಗಾಡಿಗೆ ಅದೇ ಸರಿ, ಒಂದು ಸಲ ಬಿಚ್ಚಿದ್ರೆ ಇನ್ನೊಂದು ಲಕ್ಷ ಕಿಲೋಮೀಟರ್ ಬಿಚ್ಚಬಾರ್ದು. ಆದ್ರೆ ನನ್ನ ಲೆಕ್ಕ ಹೀಗೆ ಹೋಯ್ತು. ಇಪ್ಪತ್ತರಿಂದ ನಲವತ್ತಕ್ಕೆ ಹೋದ್ರೆ ಈ ಬ್ಲಾಕಲ್ಲಿ ಉಳಿದಿರೋ ಎರಡು ಮೆಟ್ಟಿಲನ್ನೂ ಒಂದೇ ದಿನ ಮುಗಿಸಿದ ಹಾಗೆ. ಅದೂ ನಾಲ್ಕು ಥೌ ಸವೆತಕ್ಕೆ, ಅಂಗಡೀಲಿ ಆ ಸೈಜು ಇದೆ ಅನ್ನೋ ಕಾರಣಕ್ಕೆ. ವರ್ಷಕ್ಕೆ 1,200 ಕಿಲೋಮೀಟರ್ ಓಡೋ ಗಾಡಿ ಈ ಬ್ಲಾಕಿನ ಇನ್ನೊಂದು ನಾಲ್ಕು ಥೌ ಸವೆಸೋಕೆ ನನ್ನ ಕಾಲ ಮುಗಿದಿರುತ್ತೆ. ರಿಂಗು ಹಾಕಿ ಸರಿ ಬರ್ಲಿಲ್ಲ ಅಂದ್ರೆ ನಾಳೆ ಬೋರ್ ಹೊಡೆಸಬಹುದು. ಇವತ್ತು ಬೋರ್ ಹೊಡೆಸಿ ಆಮೇಲೆ ಬೇಡವಾಗಿತ್ತು ಅಂದ್ರೆ ಕಬ್ಬಿಣ ವಾಪಸ್ ಬರಲ್ಲ.

ಬೋರ್ ಹೊಡೆಸ್ಲೇಬೇಕಾದೋರಿಗೆ ಮೇಸ್ತ್ರಿ ಒಂದು ಮಾತು ಹೇಳ್ತಾರೆ. ಪಿಸ್ಟನ್ ಸೆಟ್ ಕೈಗೆ ಬರೋ ತನಕ ಬ್ಲಾಕನ್ನ ಮೆಷಿನ್ನಿಗೆ ಕೊಡ್ಬೇಡಿ. ಡಬ್ಬಿ ಮೇಲೆ 30 ಅಂತ ಇದ್ರೂ ಒಂದೊಂದು ಪಿಸ್ಟನ್ ಅಳೆದು, ಅದಕ್ಕೆ ತಕ್ಕಷ್ಟೇ ಕೊರೀಬೇಕು.

ಕೊನೆಗೆ ಎರಡನೇ ಮೆಟ್ಟಿಲಿಗೆ ನಿಂತ್ವಿ. ಸಿಲಿಂಡರ್ ಮೇಲ್ಭಾಗದಲ್ಲಿ ಸವೆಯದೆ ಉಳಿದಿದ್ದ ಏಣನ್ನ ತೆಗೆಸಿದ್ವಿ, ಇಲ್ಲಾಂದ್ರೆ ಹೊಸ ರಿಂಗು ಅದಕ್ಕೆ ಬಡಿದು ಮುರಿಯುತ್ತೆ. ಒಳಗಿನ ಹೊಳಪು ಹೋಗೋ ಹಾಗೆ ಹೋನಿಂಗ್ ಮಾಡ್ಸಿದ್ವಿ, ಗಾಜಿನ ಹಾಗೆ ನುಣ್ಣಗಿದ್ರೆ ಹೊಸ ರಿಂಗು ಕೂರಲ್ಲ. 20 ಸೈಜಿನ ರಿಂಗ್ ಸೆಟ್, ಕಂಪನಿ ಸೈಜಿನದೇ ಹೊಸ ಬೇರಿಂಗ್. ಕ್ರ್ಯಾಂಕಿಗೆ ಬರೀ ಪಾಲಿಶ್. ಟೈಮಿಂಗ್ ಚೈನ್ ಸಡಿಲ ಆಗಿತ್ತು, ಬದಲಾಯ್ಸಿದ್ವಿ. ಆಯಿಲ್ ಪಂಪ್ ಬಿಚ್ಚಿ ನೋಡಿ, ಚೆನ್ನಾಗಿದ್ದಿದ್ದಕ್ಕೆ ಅದನ್ನೇ ಹಾಕಿದ್ವಿ.

ಹೆಡ್ಡಿನ ಸೀಟು, ಸೀಸದ ಕಥೆ

ಇಲ್ಲೂ ಎಷ್ಟು ದೂರ ಹೋಗ್ಬೇಕು ಅನ್ನೋ ಪ್ರಶ್ನೆ ಬಂತು. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸ್ತಿದ್ರು. ಆ ಸೀಸ ವಾಲ್ವ್ ಸೀಟಿನ ಮೇಲೆ ತೆಳ್ಳಗೆ ಕೂತು ಸವೆತ ತಡೀತಿತ್ತು. ಆರೋಗ್ಯಕ್ಕೆ ಕೆಟ್ಟದ್ದು ಅಂತ 2000ನೇ ಇಸವಿ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲೇ ಬಂತು. ಒಳ್ಳೇದೇ ಆಯ್ತು. ಆದ್ರೆ ಈ ಹಳೇ ಹೆಡ್ಡಲ್ಲಿ ಸೀಟನ್ನ ಎರಕದ ಕಬ್ಬಿಣದಲ್ಲೇ ಕಡೆದಿರ್ತಾರೆ, ಬೇರೆ ಗಟ್ಟಿ ಬಳೆ ಹಾಕಿರಲ್ಲ. ಹಾಗಾಗಿ ಜೋರಾಗಿ, ದೂರ ಓಡಿಸಿದ್ರೆ ಎಕ್ಸಾಸ್ಟ್ ಸೀಟು ನಿಧಾನಕ್ಕೆ ಒಳಗಿಳಿಯುತ್ತೆ.

ಎಂಟಕ್ಕೆ ಎಂಟೂ ಗಟ್ಟಿ ಸೀಟು ಹಾಕಿಸಿ ಅಂತ ಒಂದು ಸಲಹೆ ಬಂತು. ನೋಡಿದ್ರೆ 3ನೇ ಎಕ್ಸಾಸ್ಟ್ ಸೀಟು ಒಂದೇ ಆಳಕ್ಕೆ ಇಳಿದಿತ್ತು. ಅದೊಂದಕ್ಕೆ ಗಟ್ಟಿ ಸೀಟು ಒತ್ತಿಸಿದ್ವಿ. ಉಳಿದವನ್ನ ಹೊಸ ಎಕ್ಸಾಸ್ಟ್ ವಾಲ್ವ್, ಗೈಡ್ ಹಾಕಿ ಪೇಸ್ಟಲ್ಲಿ ತೀಡಿ ಕೂರಿಸಿದ್ವಿ. 50, 60ರಲ್ಲಿ ಹೋಗೋ ಗಾಡಿಗೆ ಸಾಕು.

ಬೇರೆ ಇಂಜಿನ್ ಯಾಕೆ ಬೇಡ

ನಾಲ್ಕನೇ ಮೆಟ್ಟಿಲು ತಮ್ಮನ ಆಸೆ. ಇಸುಝು ಇಂಜಿನ್ ಹಾಕಿ ಏಸಿ ಮಾಡ್ಸಿದ್ರೆ ತಿರುಪತಿಗೇ ಹೋಗ್ಬಹುದು ಅಂತ. ಗಾಡಿ ಚೆನ್ನಾಗೇ ಓಡುತ್ತೆ, ಅನುಮಾನ ಇಲ್ಲ. ಆದ್ರೆ ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತೆ. ಬೇರೆ ಇಂಜಿನ್ ಕೂರಿಸಿದ್ರೆ ಆರ್‌ಟಿಓ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಬರೆಸ್ಬೇಕು. ಗುಜರಿ ಇಂಜಿನ್ ಆದ್ರೆ ಅದರ ಕಾಗದ ಎಲ್ಲಿಂದ ತರೋದು?

ಇನ್ನೊಂದು, 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತ ನಿಯಮ ತಂದಿದೆ. 50 ವರ್ಷ ದಾಟಿ, ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲಿ ಇದ್ರೆ 'ವಿಎ' ಅಕ್ಷರದ ಬೇರೆ ನಂಬರ್ ಕೊಡ್ತಾರೆ. ಶುಲ್ಕ 20 ಸಾವಿರ, ಹತ್ತು ವರ್ಷಕ್ಕೆ. ನಮ್ಮ ಕಾರಿಗೆ 2027ಕ್ಕೆ 50 ತುಂಬುತ್ತೆ. ಆದ್ರೆ ಆ ನಂಬರ್ ತಗೊಂಡ್ರೆ ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಬಿಟ್ರೆ ಮಾಮೂಲಿಯಾಗಿ ರಸ್ತೆಗೆ ತರಂಗಿಲ್ಲ. ಅಮ್ಮನ್ನ ಶಿವಗಂಗೆಗೆ ಕರ್ಕೊಂಡು ಹೋಗೋಕೆ ಮಾಮೂಲಿ ಆರ್‌ಸಿನೇ ಬೇಕು, ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡ್ಸಿಕೊಂಡು. 20 ವರ್ಷ ದಾಟಿದ ಕಾರಿಗೆ 2025ರಿಂದ ಅದರ ಶುಲ್ಕ 10 ಸಾವಿರ ಆಗಿದೆ, ಇದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಮುಂದೆ ಮಗನಿಗೋ ತಮ್ಮನ ಮಕ್ಕಳಿಗೋ ವಿಂಟೇಜ್ ನಂಬರ್ ಬೇಕು ಅನ್ನಿಸಿದ್ರೆ, ಅವತ್ತಿಗೆ ಮೂಲ ಇಂಜಿನ್ ಗಾಡೀಲೇ ಇರ್ಬೇಕು. ಆ ಬಾಗಿಲು ನಾನು ಮುಚ್ಚೋದು ಬೇಡ ಅನ್ನಿಸ್ತು.

ಇ20 ಪೆಟ್ರೋಲಿಗೆ ಖರ್ಚು ಮಾಡ್ಲೇಬೇಕು

ಒಂದು ಕಡೆ ಮಾತ್ರ ಕೈ ಹಿಡೀಲಿಲ್ಲ. ಈಗ ಬಂಕಲ್ಲಿ ಸಿಗೋದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ನಮ್ಮ ಮಾದಾವರದ ಬಿಐಇಸಿಯಲ್ಲೇ ಪ್ರಧಾನಿಗಳು ಇದಕ್ಕೆ ಚಾಲನೆ ಕೊಟ್ಟಿದ್ದು. ಕಬ್ಬು, ಮೆಕ್ಕೆಜೋಳ ಬೆಳೆಯೋರಿಗೆ ಇದರಿಂದ ಅನುಕೂಲ. ಆದ್ರೆ 1977ರ ರಬ್ಬರಿಗೆ ಎಥೆನಾಲ್ ಆಗಿಬರಲ್ಲ. ಪೈಪು ಮೆತ್ತಗಾಗಿ ಬಿರುಕು ಬಿಡುತ್ತೆ, ಪೆಟ್ರೋಲ್ ಪಂಪಿನ ಡಯಾಫ್ರಂ ಹಾಳಾಗುತ್ತೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಬೆಂಕಿ. ಬೋರ್ ಸವೆದ್ರೆ ಹೊಗೆ ಬರುತ್ತೆ ಅಷ್ಟೆ, ಪೈಪ್ ಬಿರಿದ್ರೆ ಜನಾನೇ ಹೋಗ್ತಾರೆ. ಹಾಗಾಗಿ ಟ್ಯಾಂಕಿಂದ ಕಾರ್ಬೊರೇಟರ್ ತನಕ ಇರೋ ರಬ್ಬರ್ ಪೈಪೆಲ್ಲ ಎಥೆನಾಲ್ ತಡೆಯೋ ಜಾತಿದು ಹಾಕಿಸಿದೆ. ಪಂಪಿಗೂ ಕಾರ್ಬೊರೇಟರಿಗೂ ಹೊಸ ಕಿಟ್. ಎಥೆನಾಲ್ ಗಾಳಿಯ ನೀರನ್ನ ಎಳ್ಕೊಳ್ಳುತ್ತೆ, ಅದಕ್ಕೇ ತಿಂಗಳುಗಟ್ಲೆ ನಿಲ್ಲಿಸದೆ ಹದಿನೈದು ದಿನಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸ್ತಿದೀನಿ.

ಬಿಲ್ಲು

ಹೆಡ್ಡಿನ ಕೆಲಸ, ವಾಲ್ವ್ ಸೇರಿ: 8,200
ರಿಂಗ್ ಸೆಟ್: 3,400
ಬೇರಿಂಗ್: 3,100
ಗ್ಯಾಸ್ಕೆಟ್ ಸೆಟ್: 1,900
ಟೈಮಿಂಗ್ ಚೈನ್: 1,400
ಪೈಪು, ಪಂಪ್ ಕಿಟ್, ಕಾರ್ಬೊರೇಟರ್ ಕಿಟ್: 2,600
ಆಯಿಲ್, ಫಿಲ್ಟರ್: 2,000
ಮೇಸ್ತ್ರಿ ಕೂಲಿ: 9,000
ಒಟ್ಟು 31,600 ರೂಪಾಯಿ.

ಇದು ನಮ್ಮಲ್ಲಿ ಆದ ಲೆಕ್ಕ, ನಿಮ್ಮಲ್ಲಿ ಹೆಚ್ಚು ಕಮ್ಮಿ ಇರಬಹುದು. ಮೊದಲ 500 ಕಿಲೋಮೀಟರ್ 50ರ ಮೇಲೆ ಓಡಿಸ್ಲಿಲ್ಲ. ಅದಾದ್ಮೇಲೆ ಆಯಿಲ್ ಬದಲಾಯ್ಸಿ, ಹೆಡ್ ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿ, ಟ್ಯಾಪೆಟ್ 15 ಥೌಗೆ ಇಟ್ವಿ. ಈಗ ಕಂಪ್ರೆಷನ್ ನಾಲ್ಕರಲ್ಲೂ 125ರಿಂದ 132ರ ಒಳಗಿದೆ. ದಾಬಸ್‌ಪೇಟೆ ಫ್ಲೈಓವರ್ ಟಾಪ್ ಗೇರಲ್ಲೇ ಹತ್ತುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಚೂರು ಹೊಗೆ ಬಂದು ನಿಲ್ಲುತ್ತೆ.

ಹಿಂದ್ಗಡೆಯಿಂದ ಆಯಿಲ್ ತೊಟ್ಟಿಕ್ಕೋದು ಹಾಗೇ ಇದೆ. ಈ ಇಂಜಿನ್ನಿಗೆ ಹಿಂದಿನ ಬೇರಿಂಗ್ ಹತ್ರ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ಸುರುಳಿ ಆಯಿಲ್ಲನ್ನ ವಾಪಸ್ ಒಳಕ್ಕೆ ತಳ್ಳುತ್ತೆ, ಅದು ಹುಟ್ಟಿದ ಕಾಲದಿಂದ್ಲೂ ಸ್ವಲ್ಪ ಸೋರುತ್ತೆ. ಕೆಳಗೆ ಒಂದು ತಗಡು ಇಟ್ಟಿದೀನಿ.

ನೀವು ಯಾವಾಗ ಫುಲ್ ಮಾಡ್ಸಬೇಕು

ಇದನ್ನ ಓದಿ ಎಲ್ರೂ ರಿಂಗಿಗೇ ನಿಲ್ಲಿಸಬೇಡಿ. ಬೋರ್ 8 ಥೌ ದಾಟಿದ್ರೆ, ಸಿಲಿಂಡರಲ್ಲಿ ಉಗುರಿಗೆ ಸಿಗೋ ಗೀರಿದ್ರೆ, ಬಿಸಿಯಾದಾಗ ಆಯಿಲ್ ಪ್ರೆಶರ್ ಬಿದ್ದು ತಳದಿಂದ ದಡದಡ ಸದ್ದು ಬಂದ್ರೆ, ಬ್ಲಾಕ್ ಬಿರುಕು ಬಿಟ್ಟಿದ್ರೆ ಅರ್ಧ ಕೆಲಸ ಮಾಡ್ಸೋದು ದುಡ್ಡು ನೀರಿಗೆ ಹಾಕಿದ ಹಾಗೆ. ದಿನಾ ದುಡಿಯೋ ಗಾಡಿಗೂ ಪೂರ್ತಿ ಮಾಡ್ಸೋದೇ ಲಾಭ. ಬಿಚ್ಚೋಕೆ ಮುಂಚೆ ಪರೀಕ್ಷೆ ಮಾಡ್ಸಿ, ಬಿಚ್ಚಿದ್ಮೇಲೆ ಅಳತೆ ಬರೆಸ್ಕೊಳ್ಳಿ. ಕೊರೆಯೋ ಕೆಲಸ, ಗ್ರೈಂಡ್ ಮಾಡೋ ಕೆಲಸ ಅಳತೆ ನೋಡಿ ಮಾತ್ರ ಒಪ್ಕೊಳ್ಳಿ. ರಿಂಗು, ಬೇರಿಂಗು, ಪೈಪು ಬದಲಾಯ್ಸೋಕೆ ಅಷ್ಟು ಯೋಚನೆ ಬೇಡ.

ಅಳತೆಗಳನ್ನೆಲ್ಲ ಒಂದು ಹಾಳೇಲಿ ಬರೆದು ಆರ್‌ಸಿ ಕವರಲ್ಲಿ ಇಟ್ಟಿದೀನಿ: ಯಾವ ಸಿಲಿಂಡರ್ ಎಷ್ಟು, ಪಿಸ್ಟನ್ 20, ಕ್ರ್ಯಾಂಕ್ ಕಂಪನಿ ಸೈಜು, ತಾರೀಖು. ಮುಂದೆ ಯಾರು ಬಿಚ್ಚಿದ್ರೂ ಊಹೆ ಮಾಡೋದು ಬೇಡ.

ತಮ್ಮನಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. "ಅಣ್ಣ, ಇಷ್ಟು ಮಾಡ್ಸಿದೋನು ಇನ್ನು ಸ್ವಲ್ಪ ಮಾಡ್ಸಬಾರ್ದಾಗಿತ್ತಾ" ಅಂತಾನೇ ಇರ್ತಾನೆ. ಮಾರೋ ಮಾತು ಮಾತ್ರ ಈಗ ಎತ್ತಿಲ್ಲ, ಹೋದ ಭಾನುವಾರ ಅವನೇ ಅಮ್ಮನ್ನ ಕೂರಿಸ್ಕೊಂಡು ಶಿವಗಂಗೆಗೆ ಹೋಗಿ ಬಂದ. ಮಗನಿಗೆ ಬಿಲ್ಲು ಕಳಿಸ್ಲಿಲ್ಲ, ಫೋಟೋ ಕಳಿಸಿದೆ.

ಡ್ರಿಪ್ ಪೈಪು ಶನಿವಾರ ಬರುತ್ತೆ. ಇಲಿ ಕಡಿಯದ ಹಾಗೆ ಏನಾದ್ರೂ ಉಪಾಯ ಮಾಡಿರೋರು ಇದ್ರೆ ದಯವಿಟ್ಟು ತಿಳಿಸಿ. ಅವರೆ ಹೂ ಉದುರ್ತಿರೋದರ ಬಗ್ಗೆ ಕೇಳಿದ್ರಿ, ಮುಂದಿನ ವಾರ ಅದನ್ನ ಬರೀತೀನಿ.